ಗೇರುಗುಡ್ಡದ ಮಣ್ಣು, ಸೂಕ್ಷ್ಮಾಣುಗಳ ಹಸಿವು: ಕಾಸರಗೋಡಿಗೆ ಬೇಕಾದ ಜೈವಿಕ ತಂತ್ರಜ್ಞಾನ ಯಾವುದು?

ಕಳೆದ ಬೇಸಗೆಯಲ್ಲಿ ನಮ್ಮ ನೆರೆಮನೆಯವರೊಬ್ಬರು ತಮ್ಮ ಸುರಂಗದ (ಗುಡ್ಡದೊಳಗೆ ಅಡ್ಡಲಾಗಿ ಕೊರೆದ ಬಾವಿಯ) ನೀರನ್ನು ತಂಪುಪಾನೀಯದ ಎರಡು ಲೀಟರಿನ ಖಾಲಿ ಬಾಟಲಿಯಲ್ಲಿ ತುಂಬಿಸಿ, ಬೆಳಗ್ಗಿನ ಮೊದಲ ಬಸ್ಸು ಹಿಡಿದು, ಮಂಗಳೂರಿನ ಒಂದು ಪ್ರಯೋಗಾಲಯಕ್ಕೆ ಕೊಂಡುಹೋದರು. ಅವರ ಮನೆಯ ಮೇಲ್ಬದಿಯ ಗುಡ್ಡ ಪೂರ್ತಿ ಗೇರುತೋಟ. ರಜೆಯಲ್ಲಿ ಊರಿಗೆ ಬಂದಿದ್ದ ಮಗ, ಇಷ್ಟು ವರ್ಷ ಕುಡಿದದ್ದಾಯಿತು, ಒಮ್ಮೆ ಪರೀಕ್ಷೆಯನ್ನಾದರೂ ಮಾಡಿಸಿ ಎಂದು ಒತ್ತಾಯಿಸಿದ್ದ. ಕೌಂಟರಿನಲ್ಲಿದ್ದ ಹುಡುಗಿ ಬಾಟಲಿಯನ್ನು ಮುಟ್ಟಲೂ ಇಲ್ಲ. "ಕೀಟನಾಶಕದ ಟೆಸ್ಟಿಗಾದರೆ ಇದು ಆಗುವುದಿಲ್ಲ ಅಂಕಲ್, ಗಾಜಿನದ್ದೇ ಬೇಕು, ಐಸಿನಲ್ಲಿಟ್ಟು ತರಬೇಕು" ಎಂದಳು. ದರ ಕೇಳಿದ ಮೇಲೆ ಇವರು ಗಾಜಿನ ಬಾಟಲಿ ಹುಡುಕುವ ಗೋಜಿಗೆ ಹೋಗಲಿಲ್ಲ. ತಂದ ನೀರನ್ನು ಅಲ್ಲೇ ಗೇಟಿನ ಪಕ್ಕದ ಹೂವಿನ ಚಟ್ಟಿಗೆ ಹೊಯ್ದು, ಮಧ್ಯಾಹ್ನದ ಊಟಕ್ಕೆ ಮನೆ ಮುಟ್ಟಿದರು.

ಹುಡುಗಿ ಹೇಳಿದ್ದು ಸರಿಯಾಗಿಯೇ ಇತ್ತು. ಎಂಡೋಸಲ್ಫಾನ್‌ನಂತಹ ಕ್ಲೋರಿನ್‌ಯುಕ್ತ ಕೀಟನಾಶಕಗಳಿಗೆ ನೀರೆಂದರೆ ಆಗದು. ಅವು ನೀರಿನಲ್ಲಿ ಕರಗಿರುವುದಕ್ಕಿಂತ ಪ್ಲಾಸ್ಟಿಕ್ಕಿನ ಗೋಡೆಗೋ ಮಣ್ಣಿನ ಕಣಕ್ಕೋ ಅಂಟಿಕೊಳ್ಳುವುದೇ ಹೆಚ್ಚು. ಹಾಗಾಗಿ ಪ್ಲಾಸ್ಟಿಕ್ ಬಾಟಲಿಯಲ್ಲಿ ತಂದ ನೀರಿನಲ್ಲಿ ಏನೂ ಕಾಣದಿದ್ದರೆ, ನೀರು ಶುದ್ಧವಾಗಿತ್ತೋ ಇದ್ದ ವಿಷ ಬಾಟಲಿಗೆ ಅಂಟಿತೋ ಎಂದು ಹೇಳಲು ಬರುವುದಿಲ್ಲ. ಅದಕ್ಕೇ ದ್ರಾವಕದಿಂದ ತೊಳೆದ ಕಂದು ಗಾಜಿನ ಬಾಟಲಿ, ನಾಲ್ಕು ಡಿಗ್ರಿಯ ಆಸುಪಾಸಿನ ತಂಪು, ಒಂದು ವಾರದೊಳಗೆ ದ್ರಾವಕಕ್ಕೆ ಇಳಿಸುವ ಕೆಲಸ, ಅದಾದ ಮೇಲೆ ರಾಸಾಯನಿಕಗಳನ್ನು ಬೇರ್ಪಡಿಸಿ ಅಳೆಯುವ ಗ್ಯಾಸ್ ಕ್ರೊಮಟೋಗ್ರಫಿ ಯಂತ್ರ, ಇಷ್ಟೆಲ್ಲ ಬೇಕಾಗುತ್ತದೆ. ಇದರಲ್ಲಿ ಯಾವುದೂ ಹೊಸ ವಿಜ್ಞಾನವಲ್ಲ. ಆದರೆ ಆರೋಗ್ಯಕ್ಕೂ ಪರಿಸರಕ್ಕೂ ಜೈವಿಕ ತಂತ್ರಜ್ಞಾನ ಏನು ಮಾಡಬಲ್ಲದು ಎಂಬ ಪ್ರಶ್ನೆಯನ್ನು ಕಾಸರಗೋಡಿನಲ್ಲಿ ನಿಂತು ಕೇಳುವಾಗ, ಉತ್ತರ ಆರಂಭವಾಗಬೇಕಾದದ್ದು ಆ ಗಾಜಿನ ಬಾಟಲಿಯಿಂದ ಎಂಬುದು ನನ್ನ ಅಭಿಪ್ರಾಯ.

ಏಕೆಂದರೆ ದೇಶದ ಮಟ್ಟದ ಮಾತು ಬೇರೆಯೇ ಎತ್ತರದಲ್ಲಿ ನಡೆಯುತ್ತಿದೆ. 2024ರ ಆಗಸ್ಟ್‌ನಲ್ಲಿ ಕೇಂದ್ರ ಸಚಿವ ಸಂಪುಟವು ಆರ್ಥಿಕತೆ, ಪರಿಸರ ಮತ್ತು ಉದ್ಯೋಗಕ್ಕಾಗಿ ಜೈವಿಕ ತಂತ್ರಜ್ಞಾನ ಎಂಬ ಅರ್ಥದ 'ಬಯೋಇ3' ನೀತಿಯನ್ನು ಒಪ್ಪಿತು. 2014ರಲ್ಲಿ ಸುಮಾರು 10 ಶತಕೋಟಿ ಡಾಲರಿನಷ್ಟಿದ್ದ ದೇಶದ ಜೈವಿಕ ಆರ್ಥಿಕತೆ ಒಂದು ದಶಕದಲ್ಲಿ 165 ಶತಕೋಟಿ ದಾಟಿದೆಯೆಂದೂ, 2030ಕ್ಕೆ 300 ಶತಕೋಟಿಯ ಗುರಿಯಿದೆಯೆಂದೂ ಸರಕಾರ ಹೇಳುತ್ತದೆ. 2025ರ ಜನವರಿಯಲ್ಲಿ 10,000 ಭಾರತೀಯರ ಸಂಪೂರ್ಣ ಜೀನೋಮ್ (ದೇಹದ ಇಡೀ ಜೀನ್ ಬರಹ) ಮಾಹಿತಿಯನ್ನು ಫರೀದಾಬಾದಿನ ಭಾರತೀಯ ಜೈವಿಕ ದತ್ತಾಂಶ ಕೇಂದ್ರದ ಮೂಲಕ ಸಂಶೋಧಕರಿಗೆ ತೆರೆಯಲಾಯಿತು. ಇವು ಸಣ್ಣ ಸಾಧನೆಗಳಲ್ಲ. ಆದರೆ ಈ ಲೆಕ್ಕಾಚಾರದಲ್ಲಿ ಪರಿಸರ ಎಂಬ ಪದ ಬಂದಾಗಲೆಲ್ಲ ಅದರ ಅರ್ಥ ಬಹುಮಟ್ಟಿಗೆ ಮುಂದೆ ಬರಲಿರುವ ಹಸಿರು ಉತ್ಪನ್ನಗಳು, ಜೈವಿಕ ಇಂಧನ, ಹೊಸ ಬಗೆಯ ಪ್ಲಾಸ್ಟಿಕ್. ಈಗಾಗಲೇ ಕೆಟ್ಟುಹೋದ ಮಣ್ಣು ಯಾರ ಬಂಡವಾಳವೂ ಅಲ್ಲದ ಕಾರಣ ಅದು ಕಡತದ ಕೊನೆಯ ಪುಟಗಳಿಗೆ ಸರಿಯುತ್ತದೆ.

ನಮ್ಮ ಜಿಲ್ಲೆಯ ಕಥೆಯನ್ನು ಇಲ್ಲಿನ ಓದುಗರಿಗೆ ವಿಸ್ತರಿಸಿ ಹೇಳುವ ಅಗತ್ಯವಿಲ್ಲ. ಸರಕಾರಿ ಸ್ವಾಮ್ಯದ ನಿಗಮದ ಸುಮಾರು 4,600 ಹೆಕ್ಟೇರ್ ಗೇರುತೋಟಗಳಿಗೆ, ಟೀ ಸೊಳ್ಳೆ ಎಂದು ಕರೆಯುವ ತಿಗಣೆಯನ್ನು ಕೊಲ್ಲಲೆಂದು, 1970ರ ದಶಕದ ಉತ್ತರಾರ್ಧದಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಕಾರಡ್ಕ, ಮುಳಿಯಾರು, ಬದಿಯಡ್ಕದಿಂದ ತೊಡಗಿ ದಕ್ಷಿಣದ ಪನತ್ತಡಿ, ಕಯ್ಯೂರು-ಚೀಮೇನಿಯವರೆಗೆ 11 ಪಂಚಾಯತುಗಳು ಪೀಡಿತ ಪ್ರದೇಶವೆಂದು ಗುರುತಿಸಲ್ಪಟ್ಟವು. ವಾಣಿನಗರದ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮ ಬಳಿ ಬರುತ್ತಿದ್ದ ರೋಗಿಗಳಲ್ಲಿ ಕಂಡ ಅಸಹಜತೆಯನ್ನು ಗುರುತಿಸಿದ್ದು, ಪತ್ರಕರ್ತ ಶ್ರೀ ಪಡ್ರೆಯವರು ಅದನ್ನು ಹೊರಜಗತ್ತಿಗೆ ಮುಟ್ಟಿಸಿದ್ದು, ಪೆರಿಯದ ಲೀಲಾಕುಮಾರಿ ಅಮ್ಮ ನ್ಯಾಯಾಲಯದ ಮೆಟ್ಟಿಲು ಹತ್ತಿದ್ದು, ಕೊನೆಗೆ 2011ರ ಏಪ್ರಿಲಿನಲ್ಲಿ, ದೀರ್ಘಕಾಲ ಉಳಿಯುವ ವಿಷಗಳ ನಿಷೇಧಕ್ಕಾಗಿ ದೇಶಗಳು ಮಾಡಿಕೊಂಡ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಎಂಡೋಸಲ್ಫಾನ್ ಸೇರಿದ್ದು, ಅದೇ ವರ್ಷ ಮೇ 13ರಂದು ಸುಪ್ರೀಂ ಕೋರ್ಟು ದೇಶಾದ್ಯಂತ ತಡೆ ಹಾಕಿದ್ದು, 2017ರ ಜನವರಿಯಲ್ಲಿ ಪೀಡಿತರಿಗೆ ತಲಾ 5 ಲಕ್ಷ ರೂಪಾಯಿ ಕೊಡುವಂತೆ ಅದೇ ನ್ಯಾಯಾಲಯ ಕೇರಳ ಸರಕಾರಕ್ಕೆ ಆದೇಶಿಸಿದ್ದು, ಇವೆಲ್ಲ ಊರಿನ ಮಕ್ಕಳಿಗೂ ಗೊತ್ತಿರುವ ಸಂಗತಿಗಳು. ಆದರೆ ಆ ವಿಷ ಈಗ ಎಲ್ಲಿದೆ, ಎಷ್ಟಿದೆ, ಯಾವ ರೂಪದಲ್ಲಿದೆ ಎಂಬ ಸಾದಾ ಪ್ರಶ್ನೆಗೆ ಒಬ್ಬ ಕೃಷಿಕ ತನ್ನ ಸರ್ವೆ ನಂಬರ್ ಹೇಳಿ ಉತ್ತರ ಪಡೆಯುವ ಜಾಗ ಈ ಊರಿನಲ್ಲಿಲ್ಲ.

ಇಲ್ಲಿ ಸ್ವಲ್ಪ ಲೆಕ್ಕ ಮಾಡಿ ನೋಡೋಣ. ಮಣ್ಣಿನಲ್ಲಿ ಎಂಡೋಸಲ್ಫಾನ್ ಮತ್ತು ಅದರಿಂದ ಹುಟ್ಟುವ ವಿಷಕಾರಿ ಸಲ್ಫೇಟ್ ರೂಪ, ಎರಡೂ ಸೇರಿ ಅರ್ಧಕ್ಕಿಳಿಯಲು 9 ತಿಂಗಳಿನಿಂದ 6 ವರ್ಷದವರೆಗೆ ಬೇಕಾಗಬಹುದು ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಅಂದಾಜಿಸಿತ್ತು. 9 ತಿಂಗಳ ಲೆಕ್ಕ ಹಿಡಿದರೆ ಸಿಂಪಡಣೆ ನಿಂತ 24 ವರ್ಷಗಳಲ್ಲಿ ಅದು 32 ಬಾರಿ ಅರ್ಧವಾಗಿ, ಮೊದಲಿನದರ 400 ಕೋಟಿಯಲ್ಲಿ ಒಂದು ಪಾಲಿಗಿಂತಲೂ ಕಡಿಮೆಯಾಗಿರಬೇಕು, ಅಂದರೆ ಇಲ್ಲವೆಂದೇ ಅರ್ಥ. 6 ವರ್ಷದ ಲೆಕ್ಕ ಹಿಡಿದರೆ ನಾಲ್ಕೇ ಬಾರಿ ಅರ್ಧವಾಗಿ, ಹದಿನಾರರಲ್ಲಿ ಒಂದು ಪಾಲು ಇನ್ನೂ ಅಲ್ಲೇ ಕುಳಿತಿರಬೇಕು. ಒಂದೇ ಪದಾರ್ಥ, ಒಂದೇ ಕಾಲಾವಧಿ. ಆದರೆ ಒಂದು ಕಡೆ ಶೂನ್ಯ, ಇನ್ನೊಂದು ಕಡೆ ಚಿಂತೆಗೆ ಕಾರಣ. ಈ ಎರಡರಲ್ಲಿ ಯಾವುದು ನಿಜ ಎಂದು ನಿರ್ಧರಿಸುವುದು ಮಣ್ಣಿನ ಹುಳಿ (ಆಮ್ಲೀಯತೆ), ತೇವ, ಉಷ್ಣತೆ ಮತ್ತು ಅದರಲ್ಲಿರುವ ಸೂಕ್ಷ್ಮಾಣುಗಳು. ಸುಣ್ಣದಂಶವಿರುವ ಮಣ್ಣಿನಲ್ಲಿ ಎಂಡೋಸಲ್ಫಾನ್ ನೀರಿನೊಡನೆ ವರ್ತಿಸಿ ಬೇಗ ಒಡೆಯುತ್ತದೆ, ಹುಳಿ ಮಣ್ಣಿನಲ್ಲಿ ನಿಧಾನ. ನಮ್ಮ ಮುರಕಲ್ಲಿನ ಗುಡ್ಡಗಳ ಮಣ್ಣು ಹುಳಿಯದ್ದು. ಸೆಖೆ ಮತ್ತು ತೇವ ಮಾತ್ರ ಒಡೆಯುವಿಕೆಗೆ ಅನುಕೂಲ. ಒಂದು ಒಳ್ಳೆಯದಕ್ಕೆ ಎಳೆದರೆ ಇನ್ನೊಂದು ಕೆಟ್ಟದಕ್ಕೆ ಎಳೆಯುತ್ತದೆ. ಹೀಗಿರುವಾಗ ಜಿಲ್ಲೆಗೆಲ್ಲ ಒಂದೇ ಮಾತು ಹೇಳುವವರನ್ನು, ಅದು ಎಲ್ಲ ಮುಗಿದುಹೋಗಿದೆ ಎಂಬ ಸಮಾಧಾನವಿರಲಿ, ಇನ್ನೂ ಎಲ್ಲೆಲ್ಲೂ ವಿಷವೇ ಎಂಬ ಗಾಬರಿಯಿರಲಿ, ನಾನು ನಂಬುವುದಿಲ್ಲ.

ಇದು ಬರಿಯ ಪಾಂಡಿತ್ಯದ ಲೆಕ್ಕವಲ್ಲ. 2011ರ ಅಕ್ಟೋಬರ್ ನಂತರ ಹುಟ್ಟಿದ ಮಕ್ಕಳನ್ನು ಪೀಡಿತರ ಪಟ್ಟಿಯಿಂದ ಹೊರಗಿಡುವ ನಿರ್ಧಾರವೊಂದು ಸರಕಾರದ ಕಡೆಯಿಂದ ಬಂದು, ವಿರೋಧಕ್ಕೆ ಒಳಗಾಗಿದ್ದನ್ನು ನೆನಪಿಸಿಕೊಳ್ಳಬೇಕು. ಪಟ್ಟಿಯಲ್ಲಿ ಆರು ಸಾವಿರಕ್ಕಿಂತ ಹೆಚ್ಚು ಮಂದಿಯಿದ್ದಾರೆ. ಹೊರಗೆ ಉಳಿದವರ ಹೋರಾಟವೂ ನಡೆಯುತ್ತಲೇ ಇದೆ. ವಿಷ ಇಷ್ಟು ವರ್ಷಕ್ಕೆ ಮುಗಿಯುತ್ತದೆ ಎಂದು ಕ್ಯಾಲೆಂಡರಿನಲ್ಲಿ ಗೆರೆ ಎಳೆಯಬೇಕಾದರೆ, ಆ ಗೆರೆ ನಮ್ಮ ಗುಡ್ಡದ ಮಣ್ಣಿನ ಅಳತೆಯಿಂದ ಬಂದಿರಬೇಕು.

ಇನ್ನು ಸೂಕ್ಷ್ಮಾಣುಗಳ ವಿಷಯಕ್ಕೆ ಬರೋಣ. ಮಾಲಿನ್ಯವನ್ನು ತಿನ್ನುವ ಬ್ಯಾಕ್ಟೀರಿಯಾ ಎಂದೊಡನೆ ಪತ್ರಿಕೆಗಳಲ್ಲಿ ಒಂದು ಉತ್ಸಾಹ ಹುಟ್ಟುತ್ತದೆ, ಅದಕ್ಕೆ ಕಾರಣವೂ ಇದೆ. ಭಾರತ ಮೂಲದ ವಿಜ್ಞಾನಿ ಆನಂದ ಮೋಹನ ಚಕ್ರವರ್ತಿ ಎಣ್ಣೆಯನ್ನು ಜೀರ್ಣಿಸುವ ಬ್ಯಾಕ್ಟೀರಿಯಾವನ್ನು ರೂಪಿಸಿ, ಅದರ ಪೇಟೆಂಟಿಗಾಗಿ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಗಿ 1980ರಲ್ಲಿ ಗೆದ್ದರು. ನಮ್ಮಲ್ಲಿ ದೆಹಲಿಯ ಟೆರಿ ಸಂಸ್ಥೆ ರೂಪಿಸಿದ 'ಆಯಿಲ್‌ಜಾಪರ್' ಎಂಬ ಬ್ಯಾಕ್ಟೀರಿಯಾಗಳ ಮಿಶ್ರಣ ತೈಲ ಸೋರಿದ ಜಾಗಗಳಲ್ಲಿ ಬಳಕೆಯಾಗಿದೆ. ಲಕ್ನೋ ಬಳಿಯ ಉಮ್ಮರಿ ಎಂಬಲ್ಲಿ ಲಿಂಡೇನ್ ಎಂಬ ಕೀಟನಾಶಕದ ಕಾರ್ಖಾನೆಯ ತ್ಯಾಜ್ಯ ಸುರಿದ ನೆಲದ ಮೇಲೆ ದೆಹಲಿ ವಿಶ್ವವಿದ್ಯಾಲಯದ ರೂಪ್ ಲಾಲ್ ಅವರ ತಂಡ 'ಸ್ಫಿಂಗೋಬಿಯಂ' ಗುಂಪಿನ ಬ್ಯಾಕ್ಟೀರಿಯಾಗಳನ್ನು ಬಳಸಿ ಪ್ರಯೋಗ ನಡೆಸಿತು. ಹಾಗಾದರೆ ಎಂಡೋಸಲ್ಫಾನ್‌ಗೂ ಒಂದು ಬ್ಯಾಕ್ಟೀರಿಯಾ ಹುಡುಕಿ ಗುಡ್ಡಕ್ಕೆ ಬಿಟ್ಟರಾಯಿತಲ್ಲ ಎಂಬ ಮಾತು ಸಹಜವಾಗಿಯೇ ಬರುತ್ತದೆ.

ತೊಡಕಿರುವುದು ಹಸಿವಿನಲ್ಲಿ. ತೈಲ ಎಂದರೆ ಇಂಗಾಲದ ಸರಪಳಿ. ಬ್ಯಾಕ್ಟೀರಿಯಾಕ್ಕೆ ಅದು ಅನ್ನ. ಸಾರಜನಕವನ್ನೂ ರಂಜಕವನ್ನೂ ಸ್ವಲ್ಪ ಒದಗಿಸಿ, ಗಾಳಿಯಾಡಲು ಬಿಟ್ಟರೆ ಅದು ತಾನಾಗಿಯೇ ಉಣ್ಣುತ್ತದೆ, ಬೆಳೆಯುತ್ತದೆ. ಎಂಡೋಸಲ್ಫಾನ್‌ನ ಪ್ರತಿ ಅಣುವಿನಲ್ಲಿ ಆರು ಕ್ಲೋರಿನ್ ಪರಮಾಣುಗಳು ಬಿಗಿದು ಕುಳಿತಿರುವುದರಿಂದ ಅದರ ಇಂಗಾಲವನ್ನು ಕೀಳುವುದು ಬಹಳ ಕಷ್ಟದ ಕೆಲಸ. ಆದರೆ ಅದೇ ಅಣುವಿನ ಒಂದು ಬದಿಯಲ್ಲಿ ಒಂದೇ ಒಂದು ಗಂಧಕದ ಪರಮಾಣು ಇದೆ. ಆಸ್ಟ್ರೇಲಿಯಾದ ಸಂಶೋಧಕರು 2000ದ ಆಸುಪಾಸಿನಲ್ಲಿ ಒಂದು ಜಾಣ ಉಪಾಯ ಮಾಡಿದರು: ಬ್ಯಾಕ್ಟೀರಿಯಾಗಳಿಗೆ ಬೇರೆ ಎಲ್ಲವನ್ನೂ ಕೊಟ್ಟು, ಗಂಧಕವನ್ನು ಮಾತ್ರ ಸಂಪೂರ್ಣ ತಡೆಹಿಡಿದು, ಎಂಡೋಸಲ್ಫಾನ್ ಬಿಟ್ಟರೆ ಗಂಧಕ ಸಿಗುವ ದಾರಿಯೇ ಇಲ್ಲದಂತೆ ಮಾಡಿದರು. ಬದುಕಬೇಕಾದರೆ ಅದನ್ನು ಒಡೆಯಲೇಬೇಕು. ಹೀಗೆ ಬದುಕುಳಿದವುಗಳಲ್ಲಿ 'ಮೈಕೋಬ್ಯಾಕ್ಟೀರಿಯಂ' ಗುಂಪಿಗೆ ಸೇರಿದ ಒಂದು ತಳಿಯಿತ್ತು. ಅದರಲ್ಲಿ ಈ ಕೆಲಸ ಮಾಡುವ ಕಿಣ್ವವನ್ನೂ ಆ ಕಿಣ್ವದ ಜೀನನ್ನೂ ಅವರು ಗುರುತಿಸಿದರು. ಮುಂದೆ 'ಆರ್ಥ್ರೋಬ್ಯಾಕ್ಟರ್' ಗುಂಪಿನಿಂದಲೂ ಇಂತಹದೇ ಇನ್ನೊಂದು ಕಿಣ್ವ ಸಿಕ್ಕಿತು.

ಈ ಉಪಾಯದ ಶಕ್ತಿಯೂ ಮಿತಿಯೂ ಒಂದೇ ಕಡೆ ಇವೆ. ಗಾಜಿನ ಬುರುಡೆಯೊಳಗೆ ಗಂಧಕವನ್ನು ತಡೆಹಿಡಿಯಬಹುದು, ತೋಟದಲ್ಲಿ ಹೇಗೆ ತಡೆಯುತ್ತೀರಿ? ಆಟಿ ತಿಂಗಳಲ್ಲಿ ಅಡಿಕೆ ತೋಟಕ್ಕೆ ಮದ್ದು ಬಿಡುವುದನ್ನು ನೋಡಿದವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಮೈಲುತುತ್ತು ಎಂದರೆ ತಾಮ್ರದ ಸಲ್ಫೇಟ್. ಕೊಳೆರೋಗಕ್ಕಾಗಿ ಒಂದು ಮಳೆಗಾಲದಲ್ಲಿ ಎರಡು ಮೂರು ಬಾರಿ ಬಿಡುವ ಬೋರ್ಡೋ ದ್ರಾವಣದಿಂದ ಮಣ್ಣಿಗೆ ಇಳಿಯುವುದು ತಾಮ್ರ ಮತ್ತು ಗಂಧಕ ಎರಡೂ. ಗುಡ್ಡದಿಂದ ತೊಳೆದು ಬಂದ ಎಂಡೋಸಲ್ಫಾನ್ ತೋಟದ ಮಣ್ಣಿನಲ್ಲಿ ಎಲ್ಲಾದರೂ ಕುಳಿತಿದ್ದರೆ, ಅಲ್ಲಿನ ಬ್ಯಾಕ್ಟೀರಿಯಾಕ್ಕೆ ಸುಲಭದ ಗಂಧಕ ಕೈಗೆಟಕುವಾಗ ಕಷ್ಟದ ಗಂಧಕಕ್ಕೆ ಅದು ಯಾಕೆ ಕೈ ಹಾಕೀತು? ಜತೆಗೆ ದಶಕಗಳಿಂದ ಸೇರುತ್ತಾ ಬಂದ ತಾಮ್ರ ಎಷ್ಟೋ ಸೂಕ್ಷ್ಮಾಣುಗಳಿಗೆ ವಿಷವೇ. ಇನ್ನೊಂದು ಬದಿಯಲ್ಲಿ, ಅದೇ ದ್ರಾವಣದಲ್ಲಿ ಸುಣ್ಣವೂ ಇದೆ, ತೋಟಕ್ಕೆ ಬೇರೆಯಾಗಿ ಹಾಕುವ ಸುಣ್ಣವೂ ಇದೆ; ಮಣ್ಣಿನ ಹುಳಿ ತಗ್ಗಿದಷ್ಟು ಎಂಡೋಸಲ್ಫಾನ್ ತಾನಾಗಿ ಒಡೆಯುವುದು ಚುರುಕಾಗುತ್ತದೆ. ಅಂದರೆ ಗುಡ್ಡದ ನೆತ್ತಿಯ ಗೇರುಮಣ್ಣಿಗೂ ಬೈಲಿನ ಅಡಿಕೆ ಮಣ್ಣಿಗೂ ಚಿಕಿತ್ಸೆ ಒಂದೇ ಆಗಲಾರದು.

ಒಡೆಯುವ ದಾರಿಯೂ ಎರಡಿವೆ ಎಂಬುದು ಇನ್ನೂ ಮುಖ್ಯ. ಆಮ್ಲಜನಕದೊಡನೆ ಸೇರಿ ಎಂಡೋಸಲ್ಫಾನ್ ಸಲ್ಫೇಟ್ ಆದರೆ ಅದು ಮೂಲದಷ್ಟೇ ವಿಷ, ಮಣ್ಣಿನಲ್ಲಿ ಮೂಲಕ್ಕಿಂತ ಹೆಚ್ಚು ಕಾಲ ಉಳಿಯುತ್ತದೆ. ನೀರಿನೊಡನೆ ವರ್ತಿಸಿ ಡಯಾಲ್ ಎಂಬ ಇನ್ನೊಂದು ರೂಪವಾದರೆ ವಿಷ ಬಹಳ ಕಡಿಮೆ. ಮಣ್ಣಿನ ಅನೇಕ ಶಿಲೀಂಧ್ರಗಳೂ ಬ್ಯಾಕ್ಟೀರಿಯಾಗಳೂ ಮೊದಲ ದಾರಿಯನ್ನೇ ಹಿಡಿಯುತ್ತವೆ. ನಮ್ಮ ಜೀವಾಣು ಎಂಡೋಸಲ್ಫಾನನ್ನು ಶೇಕಡಾ ಇಷ್ಟು ಕಡಿಮೆ ಮಾಡಿತು ಎಂದು ಯಾರಾದರೂ ಹೇಳಿಕೊಂಡರೆ, ಮೂಲ ಪದಾರ್ಥ ಕಡಿಮೆಯಾದದ್ದು ಯಾವುದಾಗಿ ಎಂದು ಕೇಳಲೇಬೇಕು. ಸಲ್ಫೇಟನ್ನು ಅಳೆಯದ ವರದಿ, ಒಂದು ಕಿಸೆಯಿಂದ ತೆಗೆದು ಇನ್ನೊಂದು ಕಿಸೆಗೆ ಹಾಕಿ ಸಾಲ ತೀರಿತು ಎಂದಂತೆ.

ಹಾಗಾಗಿ ಜೈವಿಕ ಶುದ್ಧೀಕರಣಕ್ಕೆ ಇಲ್ಲಿ ಅವಕಾಶವೇ ಇಲ್ಲವೆಂದು ಹೇಳುವವನು ನಾನಲ್ಲ. ಅವಕಾಶವಿರುವುದು ಸಣ್ಣ ಜಾಗಗಳಲ್ಲಿ. 4,600 ಹೆಕ್ಟೇರಿಗೆ ಬ್ಯಾಕ್ಟೀರಿಯಾ ಎರಚುವುದು ಅಸಾಧ್ಯ, ಬೇಕಾಗಿಯೂ ಇಲ್ಲ. ಮದ್ದನ್ನು ಕಲಸುತ್ತಿದ್ದ ತೊಟ್ಟಿಗಳ ಸುತ್ತ, ಹೆಲಿಕಾಪ್ಟರಿಗೆ ತುಂಬಿಸುತ್ತಿದ್ದ ತಟ್ಟುಗಳಲ್ಲಿ, ಬ್ಯಾರೆಲ್‌ಗಳನ್ನು ಇಟ್ಟಿದ್ದ ಗೋದಾಮುಗಳ ನೆಲದಲ್ಲಿ, ಹಾಳುಬಾವಿಗಳಲ್ಲಿ, ಅಂದರೆ ವಿಷ ಒತ್ತಟ್ಟಿಗೆ ಬಿದ್ದಿರಬಹುದಾದ ಸೆಂಟ್ಸುಗಳ ಲೆಕ್ಕದ ಜಾಗಗಳಲ್ಲಿ, ಮಣ್ಣನ್ನು ಅಗೆದು ಹಾಸಿ, ಸುಣ್ಣ ಹಾಕಿ, ತೇವ ಕಾಪಾಡಿ, ಅದೇ ಜಾಗದ ಸೂಕ್ಷ್ಮಾಣುಗಳನ್ನು ಬೆಳೆಸಿ, ತಿಂಗಳು ತಿಂಗಳು ಅಳೆಯುವ ಕೆಲಸ ಸಾಧ್ಯ. ಬ್ಯಾರೆಲ್‌ಗಳಲ್ಲಿ ಉಳಿದ ಮೂಲದ್ರವದ ಮಾತು ಬೇರೆ. 2012ರಲ್ಲಿ ಪೆರಿಯ, ರಾಜಪುರ, ಚೀಮೇನಿಯ ಗೋದಾಮುಗಳಲ್ಲಿ ಸೋರುತ್ತಿದ್ದ ಹಳೆಯ ಬ್ಯಾರೆಲ್‌ಗಳಿಂದ ಅದನ್ನು ಹೊಸ ಬ್ಯಾರೆಲ್‌ಗಳಿಗೆ ತುಂಬಿಸಿದ್ದು ಹಲವರಿಗೆ ನೆನಪಿರಬಹುದು. ಅಷ್ಟು ಗಟ್ಟಿ ವಿಷದಲ್ಲಿ ಯಾವ ಬ್ಯಾಕ್ಟೀರಿಯಾವೂ ಬದುಕದು. ಅತಿ ಹೆಚ್ಚು ಉಷ್ಣತೆಯ ಕುಲುಮೆಯೇ ಅದರ ದಾರಿ. ಜೀನ್ ತಿದ್ದಿದ ಸೂಕ್ಷ್ಮಾಣುಗಳನ್ನು ಬಯಲಿಗೆ ಬಿಡಬೇಕೆಂದಾದರೆ 1989ರ ನಿಯಮಗಳಂತೆ ಕೇಂದ್ರದ ಜೆನೆಟಿಕ್ ಎಂಜಿನಿಯರಿಂಗ್ ಮೌಲ್ಯಮಾಪನ ಸಮಿತಿಯ ಒಪ್ಪಿಗೆ ಬೇಕು. ಒಮ್ಮೆ ಆಕಾಶದಿಂದ ಸುರಿದದ್ದನ್ನು ಉಂಡ ಊರಿಗೆ ಎರಡನೆಯ ಬಾರಿ ಏನನ್ನಾದರೂ ಬಿಡುವ ಮೊದಲು ಆ ಒಪ್ಪಿಗೆ ಸಾಲದು, ಗ್ರಾಮಸಭೆಯ ಒಪ್ಪಿಗೆಯೂ ಬೇಕು ಎಂಬುದು ನನ್ನ ಹಠ.

ಆರೋಗ್ಯದ ಕಡೆಗೆ ಬಂದರೆ ತೊಡಕು ಇನ್ನೂ ಸೂಕ್ಷ್ಮವಾಗುತ್ತದೆ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಅಧ್ಯಯನ 2003ರಲ್ಲಿ ಅಂತಾರಾಷ್ಟ್ರೀಯ ವೈಜ್ಞಾನಿಕ ಪತ್ರಿಕೆಯಲ್ಲಿ ಪ್ರಕಟವಾಯಿತು. ಗೇರುಗುಡ್ಡದ ತಪ್ಪಲಿನ ಊರಿನ 117 ಶಾಲಾ ಹುಡುಗರನ್ನು, ಅಂತಹ ಸಂಪರ್ಕವಿಲ್ಲದ ಊರಿನ 90 ಹುಡುಗರೊಡನೆ ಅದು ಹೋಲಿಸಿತು. ಮೊದಲ ಗುಂಪಿನ ಶೇಕಡಾ 78ರಷ್ಟು ಮಕ್ಕಳ ರಕ್ತದಲ್ಲಿ, ಎರಡನೆಯ ಗುಂಪಿನ ಶೇಕಡಾ 29ರಷ್ಟು ಮಕ್ಕಳ ರಕ್ತದಲ್ಲಿ ಎಂಡೋಸಲ್ಫಾನ್ ಪತ್ತೆಯಾಯಿತು. ಮೊದಲ ಗುಂಪಿನ ಹುಡುಗರಲ್ಲಿ ಪ್ರೌಢತೆಯ ಲಕ್ಷಣಗಳು ತಡವಾಗಿರುವಂತೆ ಕಂಡಿತು. ಜಿಲ್ಲೆಯ ಬಗ್ಗೆ ನಡೆದ ಅಧ್ಯಯನಗಳಲ್ಲಿ ನಾನು ಮತ್ತೆ ಮತ್ತೆ ಹಿಂತಿರುಗುವುದು ಇದಕ್ಕೆ, ಏಕೆಂದರೆ ಇದರಲ್ಲಿ ಹೋಲಿಕೆಯ ಗುಂಪು ಇತ್ತು, ರಕ್ತದ ಅಳತೆ ಇತ್ತು, ಕಾಲವೂ ಸರಿಯಿತ್ತು. ಕಾಲ ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ಡಿಡಿಟಿಯಂತೆ ಎಂಡೋಸಲ್ಫಾನ್ ದೇಹದಲ್ಲಿ ವರ್ಷಗಟ್ಟಲೆ ನಿಲ್ಲುವುದಿಲ್ಲ, ಬಹಳ ಬೇಗ ಹೊರಹೋಗುತ್ತದೆ. ಇಂದು 30 ವರ್ಷದ ಒಬ್ಬ ಪೀಡಿತನ ರಕ್ತ ತೆಗೆದು ಅದರಲ್ಲಿ ವಿಷವಿಲ್ಲ ಎಂದು ತೋರಿಸಿದರೆ, ಅವನು ತಾಯಿಯ ಗರ್ಭದಲ್ಲಿದ್ದಾಗ ಏನಾಯಿತು ಎಂಬುದಕ್ಕೆ ಅದು ಪುರಾವೆಯಾಗುವುದಿಲ್ಲ. ಕೀಟನಾಶಕದ ಹೆಸರು ಕೇಳಿದೊಡನೆ ಮಾಡಿಸುವ ಕೋಲಿನೆಸ್ಟರೇಸ್ ಪರೀಕ್ಷೆಯೂ ಇಲ್ಲಿ ಉಪಯೋಗಕ್ಕೆ ಬಾರದು. ಅದು ಆರ್ಗನೋಫಾಸ್ಫೇಟ್ ಗುಂಪಿನ ವಿಷಗಳಿಗೆ ಸಂಬಂಧಿಸಿದ್ದು. ಎಂಡೋಸಲ್ಫಾನ್ ಹಿಡಿಯುವುದು ನರಕೋಶಗಳ ಕ್ಲೋರೈಡ್ ದ್ವಾರವನ್ನು, ಮಿದುಳನ್ನು ಶಾಂತವಾಗಿಡುವ ವ್ಯವಸ್ಥೆಯನ್ನು. ತೀವ್ರ ವಿಷಬಾಧೆಯಲ್ಲಿ ಅಪಸ್ಮಾರ ಬರುವುದು ಅದರಿಂದಲೇ.

ಈಗ ಜೀನ್ ಪರೀಕ್ಷೆಗಳು ಬಂದಿವೆ. ಪ್ರೊಟೀನುಗಳನ್ನು ರೂಪಿಸುವ ಜೀನ್ ಭಾಗಗಳನ್ನೆಲ್ಲ ಒಂದೇ ಬಾರಿಗೆ ಓದುವ ಎಕ್ಸೋಮ್ ಪರೀಕ್ಷೆಯಿಂದ, ಬುದ್ಧಿಮಾಂದ್ಯತೆ, ಅಪಸ್ಮಾರ, ಸ್ನಾಯುದೌರ್ಬಲ್ಯ ಇರುವ ಮಕ್ಕಳಲ್ಲಿ ಅನುವಂಶೀಯ ಕಾರಣವಿದ್ದರೆ ಅದನ್ನು ಗುರುತಿಸುವುದು ಮೊದಲಿಗಿಂತ ಬಹಳ ಸುಲಭವಾಗಿದೆ. ಕೆಲವು ಕಾಯಿಲೆಗಳಲ್ಲಿ ಇದರಿಂದ ಚಿಕಿತ್ಸೆಯೇ ಬದಲಾಗುತ್ತದೆ, ಮುಂದಿನ ಬಸಿರಿನ ಬಗ್ಗೆ ದಂಪತಿಗಳಿಗೆ ಸರಿಯಾದ ಮಾಹಿತಿ ಸಿಗುತ್ತದೆ. ಕಾಸರಗೋಡಿನ ಮಕ್ಕಳಿಗೆ ಇದು ಯಾಕೆ ಬೇಡ? ಖಂಡಿತ ಬೇಕು. ಆದರೆ ಇಲ್ಲಿನ ಮನೆಗಳಲ್ಲಿ ಅದಕ್ಕೊಂದು ಭಯ ಇದೆ, ಆ ಭಯ ಅಜ್ಞಾನದ್ದಲ್ಲ. ರಕ್ತಸಂಬಂಧದ ಮದುವೆಗಳೇ ಇದಕ್ಕೆಲ್ಲ ಕಾರಣ, ಸಿಂಪಡಣೆಯಲ್ಲ ಎಂಬ ವಾದವನ್ನು ಇಲ್ಲಿನ ತಾಯಂದಿರು ಬಹಳ ಹಿಂದೆಯೇ ಕೇಳಿಸಿಕೊಂಡಿದ್ದಾರೆ. ಹೀಗಿರುವಾಗ, ನಿಮ್ಮ ಮಗುವಿನ ಜೀನ್ ಪರೀಕ್ಷೆ ಮಾಡುತ್ತೇವೆ ಎಂದು ಬರುವವರು ಮದ್ದು ಕೊಡಲು ಬಂದವರೋ ಪಟ್ಟಿಯಿಂದ ಹೆಸರು ತೆಗೆಯಲು ಬಂದವರೋ ಎಂದು ತಾಯಿ ಅನುಮಾನಪಟ್ಟರೆ ಅವಳನ್ನು ದೂರುವಂತಿಲ್ಲ.

ವಿಜ್ಞಾನದ ದೃಷ್ಟಿಯಿಂದಲೂ ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಇಡಬೇಕು. ಈ ಒಂದು ಮಗುವಿನ ಕಾಯಿಲೆಗೆ ಕಾರಣವೇನು ಎಂಬುದು ಒಂದು. ಈ ಊರಿನಲ್ಲಿ ಇಂತಹ ಮಕ್ಕಳು ಬೇರೆ ಊರುಗಳಿಗಿಂತ ಹೆಚ್ಚೇ, ಹೆಚ್ಚಾದರೆ ಯಾಕೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಜೀನ್ ಪರೀಕ್ಷೆ ಉತ್ತರ ಕೊಡಬಹುದು. ಎರಡನೆಯದಕ್ಕೆ ಉತ್ತರ ಬರುವುದು ಜನನ ದಾಖಲೆಗಳಿಂದ, ಗುಡ್ಡದಿಂದ ಮನೆಗಿರುವ ದೂರದಿಂದ, ಕುಡಿಯುವ ನೀರಿನ ಮೂಲದಿಂದ, ಹೋಲಿಕೆಯ ಊರುಗಳಿಂದ. ನಾಲ್ಕು ಮಕ್ಕಳಲ್ಲಿ ಅನುವಂಶೀಯ ಕಾರಣ ಸಿಕ್ಕಿತೆಂದು ಊರಿನ ಪ್ರಶ್ನೆ ಬಿದ್ದುಹೋಗುವುದಿಲ್ಲ. ನಾಲ್ಕು ಮಕ್ಕಳಲ್ಲಿ ಸಿಗಲಿಲ್ಲವೆಂದು ಎಲ್ಲದಕ್ಕೂ ಎಂಡೋಸಲ್ಫಾನೇ ಕಾರಣವೆಂದೂ ಆಗುವುದಿಲ್ಲ. ಎರಡೂ ಕಡೆಯವರು ಈ ಎರಡು ಪ್ರಶ್ನೆಗಳನ್ನು ತಮಗೆ ಬೇಕಾದಂತೆ ಕಲಸಿದ್ದಾರೆ. ಪರೀಕ್ಷೆಯ ಫಲಿತಾಂಶ ಏನೇ ಬರಲಿ, ಮಗುವಿನ ಪಿಂಚಣಿಗೂ ಚಿಕಿತ್ಸೆಗೂ ತೊಂದರೆಯಾಗುವುದಿಲ್ಲ ಎಂಬ ಲಿಖಿತ ಆದೇಶ ಮೊದಲು ಬಂದರೆ, ಜೀನ್ ಸಂಶೋಧನೆಗೆ ಈ ಊರಿನ ಬಾಗಿಲು ತಾನಾಗಿ ತೆರೆದೀತು.

ಬಾಗಿಲು ತೆರೆದ ಮೇಲೆ ಮಾತಾಡುವುದು ಯಾವ ಭಾಷೆಯಲ್ಲಿ? ಇದನ್ನು ಭಾಷಾಭಿಮಾನದಿಂದ ಕೇಳುತ್ತಿಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಕಡೆಯ ಒಂದು ಆರೋಗ್ಯ ಶಿಬಿರದಲ್ಲಿ ನಾನು ಕಂಡದ್ದು ಹೀಗಿತ್ತು: ರಕ್ತ ತೆಗೆಯುವ ಮೊದಲು ಸಹಿ ಹಾಕಬೇಕಾದ ಕಾಗದದ ಒಂದು ಮಗ್ಗುಲು ಮಲಯಾಳ, ಇನ್ನೊಂದು ಮಗ್ಗುಲು ಇಂಗ್ಲಿಷ್. ಮನೆಯಲ್ಲಿ ತುಳುವನ್ನೂ ಶಾಲೆಯಲ್ಲಿ ಕನ್ನಡವನ್ನೂ ಕಲಿತ ಅಜ್ಜಿಯೊಬ್ಬರು ಮೊಮ್ಮಗನ ಪರವಾಗಿ ಅದಕ್ಕೆ ಸಹಿ ಹಾಕಬೇಕಿತ್ತು. "ಇದರಲ್ಲಿ ಎಂತ ಬರೆದಿದೆ ಮಗಾ?" ಎಂದು ಅವರು ಕೇಳಿದಾಗ, ಬದಿಯಲ್ಲಿದ್ದ ಆಶಾ ಕಾರ್ಯಕರ್ತೆ, "ಎಂತದೂ ಇಲ್ಲ ಅಜ್ಜಿ, ರಕ್ತ ತೆಗೀಲಿಕ್ಕೆ" ಎಂದರು. ಕಾಗದದಲ್ಲಿ ಅದಷ್ಟೇ ಇರಲಿಲ್ಲ. ಉಳಿದ ರಕ್ತವನ್ನು ಮುಂದಿನ ಸಂಶೋಧನೆಗೆ ಇಟ್ಟುಕೊಳ್ಳುವ ಒಂದು ಸಾಲೂ ಇತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೈತಿಕ ಮಾರ್ಗಸೂಚಿಗಳು ಒಪ್ಪಿಗೆಯನ್ನು ಭಾಗವಹಿಸುವವರಿಗೆ ಅರ್ಥವಾಗುವ ಭಾಷೆಯಲ್ಲೇ ಪಡೆಯಬೇಕೆಂದು ಹೇಳುತ್ತವೆ. ಕಾಸರಗೋಡು, ಮಂಜೇಶ್ವರ ತಾಲೂಕುಗಳಲ್ಲಿ ಅದರ ಅರ್ಥ ಕನ್ನಡದ ಹಾಳೆ, ಮತ್ತು ಅದನ್ನು ತುಳುವಿನಲ್ಲಿ ಓದಿ ಹೇಳಬಲ್ಲ ಒಬ್ಬ ಮನುಷ್ಯ.

ಪ್ರಯೋಗಾಲಯ ಎಲ್ಲಿರಬೇಕು ಎಂಬುದಕ್ಕೂ ಗಡಿಯ ಅನುಭವವೇ ಉತ್ತರ ಹೇಳುತ್ತದೆ. ನಮ್ಮ ದೊಡ್ಡ ಕಾಯಿಲೆಗಳಿಗೆಲ್ಲ ಮಂಗಳೂರೇ ದಾರಿ. ಕೊರೊನಾ ಕಾಲದಲ್ಲಿ, 2020ರ ಮಾರ್ಚಿನಲ್ಲಿ, ಗಡಿಯ ತಲಪಾಡಿಯ ರಸ್ತೆಗೆ ಮಣ್ಣು ಹಾಕಿದಾಗ ಆ ದಾರಿ ಎಷ್ಟು ಬೇಗ ಮುಚ್ಚಬಹುದೆಂದು ಎಲ್ಲರಿಗೂ ತಿಳಿಯಿತು. ರೋಗಿಗಳನ್ನು ಬಿಡಿ ಎಂದು ಹೇಳಲು ಹೈಕೋರ್ಟು ಬೇಕಾಯಿತು. ಉಕ್ಕಿನಡ್ಕದ ವೈದ್ಯಕೀಯ ಕಾಲೇಜಿಗೆ ಶಂಕುಸ್ಥಾಪನೆಯಾದದ್ದು 2013ರಲ್ಲಿ, ಅದು ಪೂರ್ಣ ಆಸ್ಪತ್ರೆಯಾಗುವ ಕಾಯುವಿಕೆ ಮುಗಿದಿಲ್ಲ. ಹಾಗೆಂದು ಜಿಲ್ಲೆಯಲ್ಲಿ ವಿಜ್ಞಾನವಿಲ್ಲವೇ? ಪೆರಿಯದಲ್ಲಿ 2009ರಲ್ಲಿ ಆರಂಭವಾದ ಕೇಂದ್ರೀಯ ವಿಶ್ವವಿದ್ಯಾಲಯವಿದೆ, ಅಲ್ಲಿ ಜೀನೋಮ್ ವಿಜ್ಞಾನದ ವಿಭಾಗವೇ ಇದೆ. ಕಾಸರಗೋಡು ಪೇಟೆಯ ಬದಿಯಲ್ಲಿ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾದ ಸಿಪಿಸಿಆರ್‌ಐ ಇದೆ, 1916ರ ತೆಂಗು ಸಂಶೋಧನಾ ಕೇಂದ್ರದಿಂದ ಬೆಳೆದ ಸಂಸ್ಥೆ ಅದು. ಇಂತಹ ಸಂಸ್ಥೆಗಳ ಒಂದು ಕೋಣೆಯಲ್ಲಿ, ಊರಿನವರು ತಂದ ನೀರನ್ನೂ ಮಣ್ಣನ್ನೂ ಕಡಿಮೆ ದರದಲ್ಲಿ ಪರೀಕ್ಷಿಸಿ, ಫಲಿತಾಂಶವನ್ನು ಕನ್ನಡದಲ್ಲೂ ಮಲಯಾಳದಲ್ಲೂ ಕೊಡುವ ಕೌಂಟರು ತೆರೆಯಲು ಶತಕೋಟಿ ಡಾಲರು ಬೇಕಾಗಿಲ್ಲ. ತೊಳೆದ ಗಾಜಿನ ಬಾಟಲಿಗಳನ್ನು ಪಂಚಾಯತು ಕಚೇರಿಗಳಲ್ಲಿ ಇಟ್ಟರೆ ಅರ್ಧ ಕೆಲಸ ಆದಂತೆ.

ಜೈವಿಕ ತಂತ್ರಜ್ಞಾನ ರೈತನ ಕೈಗೆಟಕುವ ರೂಪದಲ್ಲಿ ಇಲ್ಲಿ ಬಂದೇ ಇಲ್ಲವೆಂದೇನೂ ಅಲ್ಲ. ತೆಂಗಿನ ಕುರುವಾಯಿ ಹುಳು ಮೊಟ್ಟೆಯಿಡುವ ಗೊಬ್ಬರದ ಗುಂಡಿಗೆ ಹಸಿರು ಶಿಲೀಂಧ್ರ 'ಮೆಟಾರೈಜಿಯಂ' ಹಾಕುವುದನ್ನು ಸಿಪಿಸಿಆರ್‌ಐ ವರ್ಷಗಳಿಂದ ಕಲಿಸುತ್ತಾ ಬಂದಿದೆ. ಹುಳು ಸತ್ತು ಹಸಿರು ಬೂಸ್ಟು ಹಿಡಿದದ್ದನ್ನು ನನ್ನ ಹಟ್ಟಿಯ ಹಿಂದಿನ ಗುಂಡಿಯಲ್ಲೇ ಕಂಡಿದ್ದೇನೆ. ಇನ್ನೊಂದನ್ನು ನೆನೆಸಿದರೆ ನಗುವೂ ವಿಷಾದವೂ ಒಟ್ಟಿಗೆ ಬರುತ್ತವೆ. ಯಾವ ಟೀ ಸೊಳ್ಳೆಗಾಗಿ ಹೆಲಿಕಾಪ್ಟರು ಹಾರಿತೋ ಅದನ್ನು ಹಿಡಿದು ತಿನ್ನುವ ಜೀವಿಯೊಂದು ಗೇರುಮರದ ಎಲೆಗಳನ್ನೇ ಹೊಲಿದು ಗೂಡು ಕಟ್ಟಿ ಅಲ್ಲೇ ಕುಳಿತಿತ್ತು: ಚಗಳಿ ಇರುವೆ. ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯದ ವಿಜ್ಞಾನಿಗಳು ಈ ಇರುವೆಯ ಉಪಯೋಗವನ್ನು ಅಧ್ಯಯನ ಮಾಡಿದ್ದಾರೆ. ಗೇರುಬೀಜ ಹೆಕ್ಕಲು ಹೋದವರ ಕುತ್ತಿಗೆಗೆ ಅದು ಕಚ್ಚುವುದು ನಿಜ, ಕೆಲಸದವರು ಬೈಯುವುದೂ ನಿಜ. ಆದರೂ ಕಚ್ಚಿದ ಉರಿ ಸಂಜೆಯೊಳಗೆ ಇಳಿಯುತ್ತದೆ.

ಕೊನೆಯದಾಗಿ ಹೇಳಬೇಕಾದದ್ದು ಅವಸರದ ಸಂಗತಿ. ಗುಡ್ಡದಿಂದ ಪ್ರತಿ ಮಳೆಗಾಲ ತೊಳೆದುಬಂದ ಮಣ್ಣು ಪಳ್ಳಗಳಲ್ಲಿ, ಮದಕಗಳಲ್ಲಿ, ಹಳೆಯ ಕೆರೆಗಳ ತಳದಲ್ಲಿ ಪದರಪದರವಾಗಿ ಕುಳಿತಿರುತ್ತದೆ. ಎಂಡೋಸಲ್ಫಾನ್ ನೀರಿಗಿಂತ ಮಣ್ಣಿನ ಕಣಕ್ಕೆ ಅಂಟುವುದರಿಂದ, ಅದರ ಚರಿತ್ರೆ ಬರೆದಿರುವುದು ಈ ಹೂಳಿನಲ್ಲಿ. ಒಂದು ಕೊಳವೆಯನ್ನು ನೆಟ್ಟಗೆ ಇಳಿಸಿ ಹೂಳಿನ ಕಂಬವನ್ನು ಮೇಲೆತ್ತಿ, ಸೀಸ ಮತ್ತು ಸೀಸಿಯಂನ ವಿಕಿರಣಶೀಲ ರೂಪಗಳಿಂದ ಪದರಗಳ ವಯಸ್ಸು ಅಂದಾಜಿಸಿ, ಪ್ರತಿ ಪದರದಲ್ಲಿ ಎಂಡೋಸಲ್ಫಾನ್ ಮತ್ತು ಸಲ್ಫೇಟನ್ನು ಅಳೆದರೆ, ಯಾವ ವರ್ಷಗಳಲ್ಲಿ ಎಷ್ಟು ಬಂತು, ಈಗ ಎಷ್ಟು ಉಳಿದಿದೆ ಎಂಬುದು ಕಾಣುತ್ತದೆ. ಅದೇ ಪದರಗಳ ಡಿಎನ್‌ಎ ಓದಿದರೆ ಅಲ್ಲಿ ಯಾವ ಸೂಕ್ಷ್ಮಾಣುಗಳು ನೆಲೆಸಿದ್ದವು, ಒಡೆಯುವ ಜೀನ್ ಯಾವುದರಲ್ಲಿದೆ ಎಂಬುದೂ ತಿಳಿಯಬಹುದು. ಆಸ್ಟ್ರೇಲಿಯಾದಿಂದ ತರಬೇಕಾಗಿಲ್ಲ, ನಮ್ಮ ಮಣ್ಣಿಗೆ ಒಗ್ಗಿದ ಬ್ಯಾಕ್ಟೀರಿಯಾ ನಮ್ಮ ಕೆರೆಯಲ್ಲೇ ಇದ್ದೀತು.

ಆದರೆ ಕೆರೆಯ ಹೂಳು ಒಳ್ಳೆಯ ಗೊಬ್ಬರವೆಂದು ಎಲ್ಲರಿಗೂ ಗೊತ್ತು. ಈ ವರ್ಷದ ಏಪ್ರಿಲಿನಲ್ಲೂ ನಮ್ಮ ಬೈಲಿನ ಕೆರೆಗೆ ಜೆಸಿಬಿ ಇಳಿಯಿತು. ಎರಡು ದಿನದಲ್ಲಿ ತಳದ ಕಪ್ಪು ಮಣ್ಣೆಲ್ಲ ಟಿಪ್ಪರಿಗೆ ಬಿದ್ದು, ಮೂರು ಮನೆಯವರ ಅಡಿಕೆ ಬುಡಗಳಿಗೆ ಹಂಚಿಹೋಯಿತು. ಸುರಂಗದ ನೀರು ಹಿಡಿದು ಮಂಗಳೂರಿಗೆ ಹೋಗಿದ್ದ ನೆರೆಮನೆಯವರ ಪಾಲಿಗೆ ಬಂದದ್ದು ಆರು ಲೋಡು.